ಜಡ್ಜಮ್ಮನ ಸಾವು ಮತ್ತು ನಮ್ಮ ಮನೆಯ ಒಗ್ಗರಣೆ

ಮಂಡ್ಯದ ಅತ್ತೆ ಮೇಲಿನ ಮನೆಯಲ್ಲಿ, ಫ್ರೆಂಚ್ ಟೀವಿ ನಟಿ ಕೆಳಗಿನ ಮನೆಯಲ್ಲಿ ಇದ್ದಮೇಲೆ ಇಂಥವು ಆಗದೆ ಇರುವುದಿಲ್ಲ. ನಾನು ಸುಲಭಕ್ಕೆ ನಗುವವಳಲ್ಲ. ಆಫೀಸಿನ ಮೀಟಿಂಗುಗಳು ನನ್ನನ್ನು ಹಾಗೆ ಮಾಡಿವೆ. ಆದರೂ ಹೇಳಿಬಿಡುತ್ತೇನೆ.

ಒಗ್ಗರಣೆ ಇಲ್ಲದ ದಿನ

ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಈ ಫ್ರೆಂಚ್ ಮೇಡಂ ಬಂದದ್ದು ಮಗಳ ಜೊತೆ ಇರಲು. ತಮ್ಮ ದೇಶದ ಸೀರಿಯಲ್ಲೊಂದರಲ್ಲಿ ವರ್ಷಗಟ್ಟಲೆ ಕಡಲತೀರದ ಊರೊಂದರ ನ್ಯಾಯಾಧೀಶೆಯಾಗಿದ್ದವರು. ವಯಸ್ಸಾಯಿತೆಂದು ಚಾನೆಲ್‌ನವರು ಅವರ ಕಾರನ್ನು ಸಮುದ್ರಕ್ಕೆ ಬೀಳಿಸಿ ಕಥೆಯಿಂದ ಹೊರಗೆ ಹಾಕಿದರು. ಆಮೇಲೆ ಯಾರೂ ಕರೆದಿರಲಿಲ್ಲ.

ಅತ್ತೆ ಆ ಸೀರಿಯಲ್ಲನ್ನು ಭಾಷೆ ತಿಳಿಯದೆಯೇ ನೋಡುತ್ತಿದ್ದರು. "ಮುಖ ನೋಡುದ್ರೆ ಗೊತ್ತಾಗಕಿಲ್ವಾ?" ಅನ್ನುತ್ತಿದ್ದರು. ಕಾರು ಸಮುದ್ರಕ್ಕೆ ಬಿದ್ದ ಕಂತು ನೋಡಿದ ಮರುದಿನ ಅತ್ತೆ ಬೆಳಗ್ಗೆಯೇ ತಲೆಗೆ ಸ್ನಾನ ಮಾಡಿ, "ಇವತ್ತು ಒಗ್ಗರಣೆ ಹಾಕ್ಬೇಡ. ಕೆಳಗಿನ ಮನೇಲಿ ಸಾವಾಗದೆ" ಅಂದರು.

"ಅತ್ತೆ, ಅದು ಸೀರಿಯಲ್ಲು. ಮೇಡಂ ಕೆಳಗೆ ಬಟ್ಟೆ ಒಗೀತಿದಾರೆ."

"ನಂಗೇನು ತಲೆ ಕೆಟ್ಟದಾ? ಗೊತ್ತು ಕಣವ್ವ. ಆದ್ರೂ ಅಷ್ಟು ವರ್ಷ ನ್ಯಾಯ ಹೇಳ್ದೋಳು. ಒಂದು ದಿನ ಬುಟ್ರೆ ಏನಾಯ್ತದೆ?"

ಮೇಡಂಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಕೊನೆಯ ಶೂಟಿಂಗಿನ ದಿನ ಕೇಕ್ ಕತ್ತರಿಸಿದರು. ಯಾರೂ ಊಟ ಬಿಡಲಿಲ್ಲ" ಅಂದರು. ನನಗೆ ಸಂಕಟವಾಯಿತು. ಮರುದಿನ ಕರೆದು ಇಂಗು, ಕರಿಬೇವಿನ ಒಗ್ಗರಣೆ ಹಾಕಿದ ತಿಳಿಸಾರು ಬಡಿಸಿದೆ. ಒಂದು ಗುಟುಕು ಕುಡಿದು, ಕಣ್ಣು ದೊಡ್ಡದು ಮಾಡಿ ಕೇಳಿದರು: "ಇದನ್ನು ಬಿಟ್ಟಿರಾ? ನನಗೋಸ್ಕರ?"

ತೀರ್ಪು

ವಿಸಿಟರ್ ಪಾರ್ಕಿಂಗಿನ ವಿಷಯಕ್ಕೆ ಎರಡು ಕನ್ನಡ ಮನೆಗಳ ನಡುವೆ ಮಾತು ನಿಂತು ಈಮೇಲಿನಲ್ಲಿ ಜಗಳ ನಡೆದಿತ್ತು. ಅತ್ತೆ ಇಬ್ಬರು ಇಂಜಿನಿಯರ್ ಯಜಮಾನರನ್ನೂ ಮೇಡಂ ಬಾಗಿಲಿಗೆ ಎಳೆದುಕೊಂಡು ಹೋದರು. "ಜಡ್ಜಮ್ಮ ಇರೋವಾಗ ನಿಮ್ಮ ಈಮೇಲೆಲ್ಲ ಯಾಕ್ರಪ್ಪ?"

ಮೇಡಂ ಇಬ್ಬರನ್ನೂ ನಿಧಾನವಾಗಿ ನೋಡಿದರು. ಬೆನ್ನು ನೆಟ್ಟಗಾಯಿತು, ದನಿ ಇಳಿಯಿತು. ಫ್ರೆಂಚಿನಲ್ಲಿ ಒಂದೇ ಒಂದು ವಾಕ್ಯ ಹೇಳಿದರು. ಇಂಜಿನಿಯರುಗಳಿಬ್ಬರೂ ತಲೆ ತಗ್ಗಿಸಿ ಕೈಕುಲುಕಿ ಹೋದರು. ಆ ಜಾಗದಲ್ಲಿ ಇವತ್ತಿಗೂ ಇಬ್ಬರೂ ಕಾರು ನಿಲ್ಲಿಸುವುದಿಲ್ಲ.

"ಏನು ಹೇಳಿದಿರಿ?" ಅಂತ ಆಮೇಲೆ ಕೇಳಿದೆ.

"ಕೊಲೆಗೆ ಜೀವಾವಧಿ ಶಿಕ್ಷೆ. ನೆನಪಿಗೆ ಬಂದ ಡೈಲಾಗು ಅದೊಂದೇ."

ಆಡಿಷನ್ನು

ಕೊನೆಗೊಮ್ಮೆ ಮೇಡಂಗೆ ಪ್ಯಾರಿಸ್‌ನ ತಮ್ಮ ಏಜೆಂಟನಿಂದ ಕರೆ ಬಂತು. ಹೊಸ ಸೀರಿಯಲ್ಲಿನಲ್ಲಿ ತಾಯಿಯ ಪಾತ್ರವಂತೆ. ಅಭಿನಯಿಸಿದ ವಿಡಿಯೋ ಕಳಿಸಬೇಕು. "ಇದೂ ತಪ್ಪಿದರೆ ನಾನು ನಟಿ ಅಂತ ಹೇಳಿಕೊಳ್ಳುವುದನ್ನೇ ಬಿಡುತ್ತೇನೆ" ಅಂದರು ಮೇಡಂ. ತಮಾಷೆಯ ಮಾತಾಗಿರಲಿಲ್ಲ ಅದು.

ಬೆಳಕು ಚೆನ್ನಾಗಿದೆಯೆಂದು ನಮ್ಮ ಹಾಲ್‌ನಲ್ಲೇ ಫೋನು ನಿಲ್ಲಿಸಿದೆವು. ದೃಶ್ಯದಲ್ಲಿ ಮನೆ ಬಿಟ್ಟು ಹೋಗುವ ಮಗಳ ಮಾತನ್ನು ನಾನು ಮರೆಯಿಂದ ಓದಬೇಕು. ಫ್ರೆಂಚನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೆ. ನಾನು ಓದಿದೆ. ಮೇಡಂ ಸದ್ದಿಲ್ಲದೆ ಅಳತೊಡಗಿದರು. ಅಡುಗೆಮನೆಯಲ್ಲಿ ಸುಮ್ಮನಿರಿ ಎಂದು ನಾನು ಹೇಳಿದ್ದರೂ ಅತ್ತೆ ನೇರ ಕ್ಯಾಮರಾದ ಎದುರಿಗೇ ಬಂದು, ಸೆರಗಿನಿಂದ ಅವರ ಕಣ್ಣೊರೆಸಿ, "ಅಳ್ಬೇಡ ಕಣವ್ವ, ಎಲ್ಲಿಗೋದಾಳು, ಬತ್ತಾಳೆ" ಅಂದರು. ಮೇಡಂ ಅತ್ತೆಯ ಹೆಗಲಿಗೆ ಒರಗಿ ನಿಜವಾಗಿಯೇ ಅತ್ತರು. ಇನ್ನೊಂದು ಸಲ ತೆಗೆಯೋಣ ಅಂದರೆ ಒಪ್ಪಲಿಲ್ಲ. ಅದನ್ನೇ ಕಳಿಸಿದರು.

ಮುಂದಿನ ವಾರ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಾಗ ಏಜೆಂಟ್ ಫೋನ್ ಮಾಡಿದ. ಮೇಡಂ ಕೇಳಿಸಿಕೊಂಡು ಸಣ್ಣ ದನಿಯಲ್ಲಿ ಹೇಳಿದರು: "ಪಾತ್ರ ಬೇರೆಯವರಿಗೆ ಹೋಯಿತು. ಆದರೆ ಸೀರೆಯುಟ್ಟ ಆ ಅಜ್ಜಿ ಬರುತ್ತಾರಾ ಅಂತ ಕೇಳುತ್ತಿದ್ದಾರೆ."

ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಕೈ ಒರೆಸಿಕೊಂಡು ಫೋನಿಗೇ ಮಾತಾಡಿದರು: "ಮೊದ್ಲು ನಮ್ಮ ಜಡ್ಜಮ್ಮನ್ನ ಬದುಕ್ಸಪ್ಪ. ಕಾರು ತಾನೆ ಬಿದ್ದಿದ್ದು? ಹೆಣ ಯಾರ್ ನೋಡುದ್ರು? ನಮ್ ಕಡೆ ಸೀರಿಯಲ್ನೋರು ಸುಟ್ಟಾಕಿದ್ ಮೇಲೂ ಎದ್ದು ಬತ್ತಾರೆ."

ನಾನು ಇಂಗ್ಲಿಷಿಗೆ ತಂದೆ, ಮೇಡಂ ಹಿಂಜರಿಯುತ್ತಲೇ ಫ್ರೆಂಚಿಗೆ ತಂದರು. ಏಜೆಂಟ್ ಕೇಳಿದ: "ಹೆಣ ತೋರಿಸಿರಲಿಲ್ಲವಾ?"

"ಇಲ್ಲ" ಅಂದರು ಮೇಡಂ, ಎದ್ದು ನಿಂತು.

ಕೆಲವು ದಿನ ಬಿಟ್ಟು ಮೇಡಂ ಓಡುತ್ತಾ ಮೆಟ್ಟಿಲು ಹತ್ತಿ ಬಂದರು. ಏಜೆಂಟ್ ಕೇಳಿದ್ದಕ್ಕೆ ಹಳೆಯ ಚಾನೆಲ್ ಒಪ್ಪಿತ್ತು. ಹೊಸ ಕಥೆಯಲ್ಲಿ ಮೀನುಗಾರರು ಜಡ್ಜಮ್ಮನನ್ನು ದಡಕ್ಕೆ ತಂದಿದ್ದಾರೆ. ಆದರೆ ಆಸ್ಪತ್ರೆಯಲ್ಲಿ ಕೋಮಾ. ಮಾತಿಲ್ಲ, ಕಣ್ಣು ಬಿಡುವಂತೆಯೂ ಇಲ್ಲ. ಇಷ್ಟು ಹೇಳುವಾಗ ಅವರ ಮುಖ ಸಪ್ಪಗಾಯಿತು.

ಅತ್ತೆಯ ಮುಖ ಮಾತ್ರ ಅರಳಿತು. "ಕೋಮಾನಾ? ಹಂಗಾದ್ರೆ ಸೀರಿಯಲ್ ಮುಗಿಯೋಗಂಟ ಇವಳನ್ನ ಯಾರೂ ಅಲ್ಲಾಡ್ಸಕಾಗಕಿಲ್ಲ. ಒಗ್ಗರಣೆ ಹಾಕವ್ವ, ಈಗ ಪೂರ್ತಿ ಸೂತಕ ಕಳೀತು!"