ಗೂಡಿನ ಜಾಗ ಮಾತ್ರ ಕೇಳಬೇಡಿ

ಒಂದು ವಿಷಯವನ್ನು ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದ ದಿನದಿಂದ, ಅದುವರೆಗೆ ನಮ್ಮನ್ನು ಮಾತಾಡಿಸದವರೂ ಮಾತಾಡಿಸತೊಡಗುತ್ತಾರೆ. ನನಗಂತೂ ಇದು ಪ್ರತಿ ವರ್ಷದ ಪಾಡು. ಮೈಸೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ನನ್ನ ಕೆಲಸ. ಸುತ್ತಮುತ್ತ ಅಪರೂಪದ ಪ್ರಾಣಿ, ಹಕ್ಕಿ, ಗಿಡಗಳು ಎಲ್ಲೆಲ್ಲಿ ಕಂಡವು ಎಂದು ದಾಖಲಿಸಬೇಕು. ಕೆಲಸದ ಅರ್ಧ ಭಾಗ ದಾಖಲಿಸುವುದು. ಉಳಿದರ್ಧ, ದಾಖಲಿಸಿದ್ದನ್ನು ಹೇಳದಿರುವುದು.

ಈ ಸಲ ಊರಾಚೆಯ ಹಳ್ಳಿಯೊಂದರಲ್ಲಿ ಕೆಂಪುಕತ್ತಿನ ಚಾಣವೊಂದು ಕಾಗೆ ಬಿಟ್ಟುಹೋದ ಗೂಡಿನಲ್ಲಿ ಮೊಟ್ಟೆಯಿಟ್ಟಿತ್ತು. ಚಾಣ ಸಣ್ಣ ಬೇಟೆಹಕ್ಕಿ. ಮರದ ಕೆಳಗೆ ಕ್ಯಾಮೆರಾದವರು ಗುಂಪುಗೂಡಿದರೆ ತಾಯಿ ಗೂಡಿಗೆ ಬರುವುದಿಲ್ಲ. ಮರಿ ಕದ್ದು ಮಾರುವವರಿಗೆ ಸುದ್ದಿ ಮುಟ್ಟಿದರೆ ಗೂಡಿನಲ್ಲಿ ಏನೂ ಉಳಿಯುವುದಿಲ್ಲ. ಮರಿಗಳು ಹಾರುವ ತನಕ ಜಾಗ ಹೇಳುವುದಿಲ್ಲ ಎಂದು ಹಟ ಹಿಡಿದೆ.

ಮೊದಲು ಬಂದವನು

ನನ್ನ ಹೆಂಡತಿಯ ತಮ್ಮ. ಹೊಸದಾಗಿ ಮೊಳದುದ್ದದ ಲೆನ್ಸ್ ಕೊಂಡಿದ್ದ.

"ಭಾವ, ನೀವು ಬಾಯಿ ಬಿಡೋದೇ ಬೇಡ. ನಾನು ಒಂದೊಂದೇ ಊರಿನ ಹೆಸರು ಹೇಳ್ತೀನಿ. ತಪ್ಪಾದ್ರೆ 'ಇಲ್ಲ' ಅನ್ನಿ. ಸರಿಯಾಗಿದ್ರೆ ಸುಮ್ಮನಿದ್ಬುಡಿ. ನೀವು ಹೇಳಿದ ಹಾಗೂ ಆಗಲ್ಲ."

"ವರುಣಾ?" ಎಂದ. ನಾನು ಕಾಫಿ ಕುಡಿದೆ. "ಇಲವಾಲ?" ಲೋಟ ಕೆಳಗಿಟ್ಟೆ. "ಜಯಪುರ?" ಪೇಪರ್ ತೆಗೆದೆ. ಕೂತಲ್ಲೇ ಊರಿನ ಹೆಸರು ಹೇಳುತ್ತಾ ಅವನು ನಾಲ್ಕು ದಿಕ್ಕಿಗೂ ಹೋಗಿಬಂದ. ನಾನು ಎರಡು ಪುಟ ಓದಿ ಮುಗಿಸಿದೆ. ಕೊನೆಗೆ ಕುರ್ಚಿಯಿಂದ ಎದ್ದು ನಿಂತು ಕೂಗಿದ: "ಅಕ್ಕಾ! ಜಿಲ್ಲೆ ತುಂಬಾ ಚಾಣ ಇದೆಯಂತೆ ಕಣಕ್ಕಾ!"

ಅಡುಗೆಮನೆಯಿಂದ ಉತ್ತರ ಬಂತು: "ಬುಡೋ, ಅವರನ್ನೇನು ಕೇಳ್ತೀಯ. ಅವರು ಆಸ್ಪತ್ರೆಗೆ ಸೇರಿದ್ದನ್ನೇ ನನಗೆ ಪಕ್ಕದ ಮನೆಯವರು ಹೇಳಿದ್ದು."

ಟೀಚರ ಗುಟ್ಟು

ಗೂಡನ್ನು ಮೊದಲು ಕಂಡು ನಮಗೆ ತಿಳಿಸಿದವರು ಆ ಹಳ್ಳಿಯ ಶಾಲೆಯ ಟೀಚರ್. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಒಂದು ಬೆಳಿಗ್ಗೆ ಫೋನ್ ಮಾಡಿದರು.

"ಸಾರ್, ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಚಾಣದ ಫೋಟೋ ಹಾಕಿದೀನಿ. ನಿಮಗೂ ಕಳಿಸಿದೀನಿ ನೋಡಿ. ಜಾಗ ಮಾತ್ರ ಹೇಳಿಲ್ಲ!"

ನೋಡಿದೆ. ಹಕ್ಕಿ ಚೆನ್ನಾಗಿ ಬಂದಿತ್ತು. ಅದರ ಹಿಂದೆ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಊರಿನ ಹೆಸರು, ಹೋಬಳಿ, ತಾಲ್ಲೂಕು.

"ಟೀಚರ್, ಟ್ಯಾಂಕು," ಎಂದೆ.

"ಅಯ್ಯಯ್ಯೋ!" ಎಂದು ಫೋಟೋ ಅಳಿಸಿದರು.

"ಎಷ್ಟು ಜನ ನೋಡಿದಾರೆ?"

"ಎಲ್ಲರೂ ನೋಡ್ಬುಟ್ಟಿದಾರೆ ಸಾರ್."

"ಏನಂದ್ರು?"

"ಎಲ್ಲ ಶುಭೋದಯ ಅಂದಿದಾರೆ. ನಮ್ಮತ್ತೆ ಮಾತ್ರ ಒಂದು ಪ್ರಶ್ನೆ ಕೇಳಿದ್ರು."

"ಏನಂತ?"

"ಈ ಕಾಗೆ ಯಾಕಮ್ಮ ಇಷ್ಟು ಬಡವಾಗಿದೆ ಅಂತ."

ಯಾವ ಮರ?

ಮಳೆಗಾಲಕ್ಕೆ ಮುಂಚೆ ವಿದ್ಯುತ್ ತಂತಿಗೆ ತಗಲುವ ಕೊಂಬೆಗಳನ್ನು ಕಡಿಯುತ್ತಾರೆ. ಚಾಣದ ಮರ ತಂತಿಯ ಪಕ್ಕದಲ್ಲೇ ಇತ್ತು. ಆ ಭಾಗದ ವಿದ್ಯುತ್ ಕಚೇರಿಗೆ ಹೋಗಿ ಎಂಜಿನಿಯರ್ ಮುಂದೆ ಕೂತೆ.

"ಒಂದು ಮರದ ಕೊಂಬೆ ಈಗ ಕಡಿಯಬಾರದು ಸಾರ್."

"ಯಾವ ಮರ?"

"ಅದನ್ನು ಹೇಳೋ ಹಾಗಿಲ್ಲ."

"ಯಾವ ಊರು?"

"ಅದೂ ಹೇಳೋ ಹಾಗಿಲ್ಲ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಮರಿಗಳ ವಿಷಯವನ್ನಷ್ಟೇ ಹೇಳಿದೆ. ಅವರು ಸಮಾಧಾನದಿಂದ ಹೇಳಿದರು: "ನೋಡಿ ಸಾರ್, ದಿನಾ ಜನ ಬಂದು ಕೊಂಬೆ ಕಡೀರಿ ಅಂತಾರೆ, ಅಡ್ರೆಸ್ ಕೊಡ್ತಾರೆ, ಗಾಡಿ ಕಳಿಸ್ತೀನಿ ಅಂತಾರೆ. ಅಲ್ಲಿಗೇ ನಮಗೆ ಹೋಗಕ್ಕಾಗಿಲ್ಲ. ನೀವು ಕಡೀಬೇಡಿ ಅಂತೀರ, ಅಡ್ರೆಸ್ಸೂ ಕೊಡಲ್ಲ ಅಂತೀರ. ಧೈರ್ಯವಾಗಿ ಮನೆಗೆ ಹೋಗಿ."

ಮುಹೂರ್ತದ ದಿನ

ನಮ್ಮ ಸಂಸ್ಥೆಯ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಅಪರೂಪದ ಜೀವಿಗಳ ನಿಜವಾದ ಜಾಗ ಮಾತ್ರ ಅದರಲ್ಲಿರುವುದಿಲ್ಲ. ಹಲವಾರು ಊರುಗಳು ಸೇರುವಂಥ ದೊಡ್ಡ ಚೌಕ ಮಾಡಿ, ಅದರ ನಟ್ಟನಡುವೆ ಒಂದು ಚುಕ್ಕೆ ಇಡುತ್ತೇವೆ. ಚೌಕದೊಳಗೆ ಹಕ್ಕಿ ಎಲ್ಲಾದರೂ ಇರಬಹುದು. ಚಾಣದ ಚುಕ್ಕೆ ಮೈಸೂರಿನೊಳಗಿನ ಕೃಷ್ಣಮೂರ್ತಿಪುರಂನ ಒಂದು ಮದುವೆ ಛತ್ರದ ಮೇಲೆ ಕೂತಿದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಛತ್ರದ ಮ್ಯಾನೇಜರ್ ಫೋನ್ ಮಾಡಿದಾಗಲೇ ಗೊತ್ತಾದದ್ದು.

"ನಿಮ್ಮ ನಕ್ಷೇಲಿ ಈ ನಂಬರ್ ಇತ್ತು ಸಾರ್. ಇಲ್ಲಿ ಮದುವೆ ನಡೀತಾ ಐತೆ. ಫಿರಂಗಿ ಥರ ಕ್ಯಾಮೆರಾ ಹಿಡ್ಕಂಡು ಐದು ಜನ ಬಂದ್ಬುಟ್ಟವ್ರೆ!"

ಓಡಿದೆ. ಅವರನ್ನು ವರನ ಕಡೆಯವರು ಕರೆಸಿದ್ದಾರೆಂದು ಹೆಣ್ಣಿನ ಮನೆಯವರೂ, ಹೆಣ್ಣಿನ ಮನೆಯವರು ಕರೆಸಿದ್ದಾರೆಂದು ವರನ ಕಡೆಯವರೂ ತಿಳಿದು, ಉಪಚಾರ ಮಾಡಿ ಮೊದಲ ಪಂಕ್ತಿಯಲ್ಲೇ ಕೂರಿಸಿದ್ದರು. ಸಾಲಿನ ತುದಿಯಲ್ಲಿ ನನ್ನ ಭಾವಮೈದುನ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

"ಭಾವ! ನೀವೂ ಬಂದ್ರಾ? ಹಾಗಾದ್ರೆ ಜಾಗ ಇದೇ!"

ಮ್ಯಾನೇಜರ್ ನನ್ನ ಕೈ ಹಿಡಿದರು. "ಎಲ್ಲರ ಎದುರಿಗೇ ಹೇಳ್ಬುಡಿ ಸಾರ್. ಇಲ್ಲಿ ಹಕ್ಕಿ ಐತಾ, ಇಲ್ವಾ?"

ಇಲ್ಲ ಎಂದರೆ ಈ ಐವರೂ ಚೌಕದ ಉಳಿದ ಊರುಗಳನ್ನು ಜಾಲಾಡಲು ಹೊರಡುತ್ತಾರೆ. ಇದೆ ಎಂದರೆ ಸುಳ್ಳು.

"ಹೇಳೋ ಹಾಗಿಲ್ಲ," ಎಂದೆ.

ಐದು ಲೆನ್ಸುಗಳೂ ಊಟದ ಮನೆಯ ಹಿಂದಿನ ತೆಂಗಿನಮರದ ಕಡೆ ತಿರುಗಿದವು. ಮುಂದಿನ ಮದುವೆಗಳಿಗೂ ಅವರು ಬಂದರು. ಆ ಬೇಸಿಗೆಯಲ್ಲಿ ಹಳ್ಳಿಯ ಕಡೆ ಒಂದು ಕ್ಯಾಮೆರಾವೂ ಸುಳಿಯಲಿಲ್ಲ.

ಕೊನೆಗೊಂದು ದಿನ ಟೀಚರ್ ಫೋನ್ ಮಾಡಿದರು: "ಎಲ್ಲ ಮರಿಗಳೂ ಹಾರಿದವು ಸಾರ್!" ನಾನು ನೇರ ಛತ್ರಕ್ಕೆ ಹೋದೆ. ಕ್ಷಮೆ ಕೇಳಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ನನ್ನನ್ನು ಮೂಲೆಗೆ ಕರೆದೊಯ್ದು ದನಿ ತಗ್ಗಿಸಿದರು.

"ಅವತ್ತಿಂದ ತೆಂಗಿನಮರದ ಕಡೆ ವಾಲಗ ಊದಕ್ಕೆ ಬಿಟ್ಟಿಲ್ಲ ಸಾರ್. ವರನ ಕೋಣೆ ಕಿಟಕಿ ಆ ಕಡೆಗೇ ಐತೆ ಅಂತ ಕೋಣೆಗೇ ಬೀಗ ಹಾಕ್ಬುಟ್ಟಿದೀನಿ. ಮೂರು ಜನ ಗಂಡುಗಳು ಸ್ಟೋರ್ ರೂಮಲ್ಲೇ ಪೇಟ ಸುತ್ಕಂಡ್ರು. ನಾಳೆಯವರು ಬೀಗ ತೆಗೀರಿ ಅಂತ ಗಲಾಟೆ ಮಾಡ್ತಾವ್ರೆ. ಏನ್ಮಾಡ್ಲಿ?"

ಇಷ್ಟು ದಿನದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳುವ ಅವಕಾಶ ಸಿಕ್ಕಿತ್ತು.

"ತೆಗೆದುಬಿಡಿ. ಮರಿಗಳು ಇವತ್ತು ಬೆಳಿಗ್ಗೆ ಹಾರಿಹೋದವು."

ಅವರು ತೆಂಗಿನಮರವನ್ನು ನೋಡಿದರು. ಅವತ್ತಿನ ಮದುವೆಗೆಂದು ಒಲೆಯ ಮೇಲೆ ಕುದಿಯುತ್ತಿದ್ದ ಪಾಯಸವನ್ನು ನೋಡಿದರು. ಮುಖ ಸಣ್ಣಗಾಯಿತು.

"ಮುಹೂರ್ತದ ದಿನ," ಎಂದರು, "ಊಟ ಮಾಡ್ದೇ ಹೋಗ್ಬುಟ್ಟವಾ ಸಾರ್?"