ಸಿಗಡಿ ಟಾಕೋ, ಮೌನ ಭೋಜನ ಮತ್ತು ನನ್ನ ಹೆಂಡತಿ

ಹಗಲುಗನಸು ಕಾಣುವವನನ್ನು ಫಜೀತಿಗಳು ತಾವೇ ಹುಡುಕಿಕೊಂಡು ಬರುತ್ತವೆ. ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಕೊರೊನಾ ಕಾಲದಲ್ಲಂತೂ ಜಪಾನಿನ ಸೆಂಡಾಯ್ ಊರೇ ಅರೆನಿದ್ದೆಯಲ್ಲಿತ್ತು. ಪಿಎಚ್.ಡಿ. ಮಾಡುತ್ತಿದ್ದ ನಾನು ದಿನ ಬಿಟ್ಟು ದಿನ ಲ್ಯಾಬಿಗೆ ಹೋಗುವುದು, ಮಿಕ್ಕ ದಿನ ಹೊಳೆ ನೋಡುವುದು. ಅದಕ್ಕೆ ಸ್ವಲ್ಪ ಮುಂಚೆ ಮೈಸೂರಿಗೆ ಹೋಗಿ ಮದುವೆಯಾಗಿ, ಹದಿನೇಳು ದಿನ ಸಂಸಾರ ಮಾಡಿ, “ವೀಸಾ ಬಂದ ತಕ್ಷಣ ಹೊರಟು ಬಾ” ಎಂದು ಹೆಂಡತಿಗೆ ಹೇಳಿ ಬಂದಿದ್ದೆ. ನಾನು ಒಳಗೆ ಬಂದೆ, ಜಪಾನ್ ಬಾಗಿಲು ಹಾಕಿಕೊಂಡಿತು. ಅವಳು ಯಾವಾಗ ಬರುತ್ತಾಳೆ ಎನ್ನುವುದೊಂದೇ ನನ್ನ ಚಿಂತೆ. ಥೀಸಿಸ್ ಚಿಂತೆಯನ್ನು ಪ್ರೊಫೆಸರ್ ನೋಡಿಕೊಳ್ಳುತ್ತಿದ್ದರು.

ಶನಿವಾರ ಮಧ್ಯಾಹ್ನ ಹೊಳೆ ದಂಡೆಯಲ್ಲಿ ಒಂದು ನೀಲಿ ಟ್ರಕ್ ನಿಲ್ಲುತ್ತಿತ್ತು. ಯಜಮಾನ ಮೆಕ್ಸಿಕೋದ ಯಾವುದೋ ಕಡಲೂರಿನವನು. ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿಯಲ್ಲಿ ಕರಿದ ಸಿಗಡಿ, ಎಲೆಕೋಸು, ಹಸಿಮೆಣಸಿನ ಚಟ್ನಿ ಇಟ್ಟು, ನಿಂಬೆ ಹಿಂಡಿ ಕೊಡುತ್ತಿದ್ದ. ಅದೇ ಟಾಕೋ.

೧. ಮೊದಲ ತುತ್ತು

ಮೊದಲ ದಿನ ಆ ನಿಂಬೆಯ ಘಮಕ್ಕೇ ಅರ್ಧ ತೇಲಿಹೋಗಿದ್ದೆ. ಹೊಳೆಯೊಳಗೆ ಮೋಡಗಳು ನಿಧಾನವಾಗಿ ಹೋಗುತ್ತಿದ್ದವು. ಕಣ್ಣು ಮುಚ್ಚಿ, ಹೆಂಡತಿಯನ್ನು ನೆನೆದು, ದೊಡ್ಡದಾಗಿ ಬಾಯಿ ತೆರೆದು ಕಚ್ಚಿದೆ. ರೊಟ್ಟಿ ಹರಿಯಲೇ ಇಲ್ಲ. ಎಳೆದೆ, ಜಗಿದೆ, ಮತ್ತೆ ಎಳೆದೆ. ಚಟ್ನಿಯೆಲ್ಲ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಯಜಮಾನ ಕಿಟಕಿಯಿಂದ ಬಗ್ಗಿ, ಬಹಳ ವಿನಯದಿಂದ ಕ್ಷಮೆ ಕೇಳುತ್ತಾ ಹೇಳಿದ: “ಸುಮಿಮಾಸೆನ್, ಮಾಸ್ಕ್ ನಮ್ಮ ರೆಸಿಪಿಯಲ್ಲಿಲ್ಲ.”

೨. ಮೌನ ಭೋಜನ

ಟ್ರಕ್ ಪಕ್ಕದಲ್ಲಿ ‘ಮಾತಾಡದೆ ತಿನ್ನಿ’ ಎಂಬ ಬೋರ್ಡಿತ್ತು. ಆಗ ಜಪಾನಿನ ತುಂಬ ಅದೇ ನಿಯಮ. ಚಟ್ನಿ ಬಾಟಲಿಗೆ ಫೋನ್ ಒರಗಿಸಿ ಹೆಂಡತಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ನನಗೆ ಮಧ್ಯಾಹ್ನದ ಟಾಕೋ, ಅವಳಿಗೆ ಬೆಳಗಿನ ದೋಸೆ. ಅವಳು ಮಾತಾಡಬಹುದಿತ್ತು. “ನಾನೊಬ್ಳೇ ಮಾತಾಡಿದ್ರೆ ರೇಡಿಯೋ ಥರ ಆಗತ್ತೆ” ಎಂದು ಅವಳೂ ಮೌನ. ಒಬ್ಬರನ್ನೊಬ್ಬರು ನೋಡುತ್ತಾ ಅರ್ಧ ಗಂಟೆ ತಿನ್ನುತ್ತಿದ್ದೆವು. ಅಷ್ಟು ಸುಖದ ಅರ್ಧ ಗಂಟೆ ಆ ವಾರಗಳಲ್ಲಿ ಇನ್ನೊಂದಿರಲಿಲ್ಲ.

ಒಂದು ದಿನ ಅತ್ತೆ ಇದನ್ನು ನೋಡಿ ಗಾಬರಿಯಾದರು. “ಏನೇ ಇದು, ಗಂಡ ಹೆಂಡ್ತಿ ಮಾತು ಬಿಟ್ಟಿದೀರಾ?”

ಒಳಗಿಂದ ಮಾವನವರ ದನಿ ಕೇಳಿಸಿತು: “ಡಿಸ್ಟರ್ಬ್ ಮಾಡ್ಬೇಡ ಕಣೇ. ಮದ್ವೆಯಾದ ವರ್ಷಕ್ಕೇ ಅವ್ರಿಗೆ ನೆಮ್ಮದಿ ಸಿಕ್ಕಿದೆ, ನಂಗಿನ್ನೂ ಸಿಕ್ಕಿಲ್ಲ!”

೩. ನಮಸ್ಕಾರ

ನಾಯಿಯ ಜೊತೆ ವಾಕಿಂಗ್ ಬರುವ ಜಪಾನೀ ಅಜ್ಜಿಯೊಬ್ಬರು ಪ್ರತಿ ವಾರ ನನ್ನ ಫೋನಿಗೆ ತಲೆಬಾಗಿ ವಂದಿಸುತ್ತಿದ್ದರು. ಫೋನಿನೊಳಗಿಂದ ಹೆಂಡತಿಯೂ ಬಾಗುತ್ತಿದ್ದಳು. ಒಂದು ಶನಿವಾರ ಅಜ್ಜಿ ಬಾಗುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಯಿತು. ಹೆಂಡತಿ ದೋಸೆ ಎತ್ತಿ ಹಿಡಿದ ಹಾಗೆಯೇ ನಿಂತುಬಿಟ್ಟಳು. ಉತ್ತರ ಬರಲಿಲ್ಲವೆಂದು ಅಜ್ಜಿ ಇನ್ನೂ ಬಗ್ಗಿದರು. ಆಗಲೂ ಇಲ್ಲ. ಮೂರನೇ ಸಲ ನಾಯಿಗಿಂತ ಕೆಳಗಿಳಿದರು. ಕೊನೆಗೆ ಬೆನ್ನು ಹಿಡಿದುಕೊಂಡು ಎದ್ದು ನನ್ನ ಕಿವಿಯಲ್ಲಿ ಹೇಳಿದರು: “ನಿಮ್ಮ ಹೆಂಡತಿ ತುಂಬಾ ದೊಡ್ಡ ಮನೆತನದವರಿರಬೇಕು.”

೪. ಬಾಗಿಲು ತೆರೆಯಿತು

ಸುಮಾರು ಎರಡು ವರ್ಷದ ಮೇಲೆ ಅವಳು ಬಂದಳು. ಮೊದಲ ಶನಿವಾರವೇ ಟ್ರಕ್ ಹತ್ತಿರ ಕರೆದುಕೊಂಡು ಹೋದೆ. ನಾವು ಟಾಕೋ ತೆಗೆದುಕೊಂಡು ಕೂರುವ ಹೊತ್ತಿಗೆ ನಮ್ಮ ಹಿಂದೆ ಹದಿನೈದು ಜನರ ಕ್ಯೂ ಇತ್ತು, ಮಾತಾಡಬಾರದೆಂಬ ಬೋರ್ಡೂ ಇತ್ತು. ಪಕ್ಕದಲ್ಲಿ ಅವಳು ನಿಜವಾಗಿ ಕೂತಿದ್ದಾಳೆಂದು ನಂಬಿಕೆ ಬರದೆ ಎರಡು ಸಲ ಮೊಣಕೈ ಮುಟ್ಟಿ ನೋಡಿದೆ.

ಮೊದಲ ತುತ್ತಿಗೆ ಅವಳ ಕಣ್ಣು ತುಂಬಿತು. ಎರಡನೆಯದಕ್ಕೆ ಬಾಯಿ ತೆರೆಯಿತು. ವೀಸಾ, ವಿಮಾನ, ನೆಂಟರು, ಒಬ್ಬಳೇ ಕಳೆದ ಎರಡು ಯುಗಾದಿ, ಎಲ್ಲವೂ ಒಂದೇ ಉಸಿರಿಗೆ. ಕ್ಯೂನಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು.

“ಸ್ವಲ್ಪ ಮೆಲ್ಲಗೆ ಕಣೇ,” ಎಂದೆ.

“ಎರಡು ವರ್ಷ ಮೆಲ್ಲಗೇ ಇದ್ನಲ್ಲ!” ಎಂದಳು.

ಯಜಮಾನನಿಗೆ ಕನ್ನಡ ಬಾರದು. ಆದರೂ ಅವಳನ್ನು ನೋಡಿದ, ಕ್ಯೂ ನೋಡಿದ, ಕೈ ಒರೆಸಿಕೊಂಡು ‘ಇವತ್ತಿಗೆ ಮುಗಿಯಿತು’ ಎಂಬ ಫಲಕ ತಂದು ನೇತುಹಾಕಿದ. ಅವನ ಬೆನ್ನ ಹಿಂದೆ ತಟ್ಟೆ ತುಂಬ ಸಿಗಡಿ ಕಾಣುತ್ತಿತ್ತು. ಹದಿನೈದು ಜನರೂ ಫಲಕ ಓದಿ, ತಲೆಬಾಗಿ, ತಕರಾರಿಲ್ಲದೆ ಚದುರಿದರು. ನಾವಿಬ್ಬರೇ ಉಳಿದೆವು, ಹೊಳೆ, ಬಿಸಿಲು, ನಿಂಬೆಯ ಘಮ. ನಾವು ಕೇಳದೆಯೇ ಅವನು ಇನ್ನೆರಡು ಟಾಕೋ ತಂದಿಟ್ಟು ಹೋದ. ಜಪಾನೀ ಓದಲು ಬಾರದ ನನ್ನ ಹೆಂಡತಿ ಹಿಂತಿರುಗಿ ಖಾಲಿ ದಂಡೆ ನೋಡಿದಳು. ಬಂದಾಗಿನಿಂದ ಮೊದಲ ಬಾರಿಗೆ ದನಿ ತಗ್ಗಿಸಿ ಕೇಳಿದಳು:

“ರೀ, ನಾವು ತಿನ್ನೋದು ನೋಡಿ ಎಲ್ಲಾರೂ ಓಡಿಹೋದ್ರಲ್ಲ, ಇಲ್ಲಿ ಸಿಗಡಿ ಫ್ರೆಶ್ ಇರಲ್ವಾ?”