ಭೂಪಟಕ್ಕೆ ಸಿಗದ ಕಾಕಾನ ದ್ವೀಪ

ನಮ್ಮ ಕಾಕಾ ಪ್ರಾಯದಲ್ಲಿ ಒಂದು ದ್ವೀಪಕ್ಕೆ ಹೋಗಿ ಎರಡು ವರ್ಷ ಧರ್ಮಪ್ರಚಾರ ಮಾಡಿ ಬಂದವರು. ಅದರಲ್ಲೇನು ವಿಶೇಷ ಅನ್ನುತ್ತೀರಾ? ವಿಶೇಷ ಇಷ್ಟೇ, ಆ ದ್ವೀಪ ಯಾವ ಭೂಪಟದಲ್ಲೂ ಇಲ್ಲ! ಅದು ಭೂಪಟ ಮಾಡುವವರ ತಪ್ಪು ಎಂದು ಕಾಕಾನ ವಾದ. ಅದು ಕಾಕಾನ ಕಲ್ಪನೆ ಎಂದು ನಮ್ಮ ಮನೆಯವರ ವಾದ. ನಡುವೆ ಸಿಕ್ಕಿಕೊಂಡವಳು ನಾನು. ಅವರು ನನ್ನ ಅಪ್ಪನ ತಮ್ಮ. ಇಡೀ ಲಂಡನ್ನಿನಲ್ಲಿ ಅವರ ದ್ವೀಪದ ಕಥೆಗೆ ಹೂಂಗುಟ್ಟುವ ಕೆಲಸ ನನ್ನ ಪಾಲಿಗೇ ಬಂದಿದೆ.

ಧಾರವಾಡದ ಕಾಕಾ ಈಗ ಕಿಂಗ್ಸ್‌ಬರಿಯ ಫ್ಲ್ಯಾಟೊಂದರಲ್ಲಿ ಒಬ್ಬರೇ ಇದ್ದಾರೆ. ಮದುವೆಯಾಗಲಿಲ್ಲ. ಒಬ್ಬರೇ ಎಂದರೆ ಬಾಳೆಗಿಡಕ್ಕೆ ಅವಮಾನ, ಅದೂ ಜೊತೆಗಿದೆ. ಲಂಡನ್ನಿನ ಚಳಿಯಲ್ಲಿ ಬಾಳೆ ಬದುಕೀತೇ? ಕಾಕಾನ ಫ್ಲ್ಯಾಟಿನಲ್ಲಿ ಬದುಕುತ್ತದೆ. ಜನವರಿಯಲ್ಲಿ ಹೋದರೂ ಬಾಗಿಲಲ್ಲೇ ಕೋಟು, ಸ್ವೆಟರು, ಕಾಲುಚೀಲ ಎಲ್ಲ ಕಳಚಿ ಒಳಗೆ ಕಾಲಿಡಬೇಕು, ಹೀಟಿಂಗ್ ಹಾಗಿರುತ್ತದೆ. ಕಾಕಾ ಮಾತ್ರ ಲುಂಗಿ ಬನಿಯನ್ನಿನಲ್ಲಿ ಜೋಲಿಯ ಮೇಲೆ ಮಲಗಿರುತ್ತಾರೆ. ಜೋಲಿಯ ಒಂದು ತುದಿಯನ್ನು ಗೋಡೆಯ ಕೊಂಡಿಗೂ ಇನ್ನೊಂದನ್ನು ಕೋಣೆಯ ಬಾಗಿಲಿಗೂ ಕಟ್ಟಿದ್ದಾರೆ. ಹಾಗಾಗಿ ನಾವು ಬಾಗಿಲು ತೆರೆದರೆ ಕಾಕಾ ಕೆಳಗಿಳಿಯುತ್ತಾರೆ, ಮುಚ್ಚಿದರೆ ಮೇಲೇರುತ್ತಾರೆ. ದ್ವೀಪದ ಹವಾ ಇಲ್ಲದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲವಂತೆ.

ಅವರು ದ್ವೀಪಕ್ಕೆ ಹೋದ ಕಥೆಯೂ ಹೀಗೇ ಮೇಲೆ ಕೆಳಗೆ. ಬಿ.ಎ. ಮುಗಿಸಿ, ಕೆಲಸ ಸಿಗದೆ, ಊರ ಹತ್ತಿರದ ಒಂದು ಮಠದಲ್ಲಿ ಪುಸ್ತಕಗಳ ಧೂಳು ಹೊಡೆದುಕೊಂಡಿದ್ದರಂತೆ. ಆಗ ಯಾವುದೋ ಸಮುದ್ರದ ನಡುವಿನ ದ್ವೀಪದಲ್ಲಿ ಅಂಗಡಿಯಿಟ್ಟಿದ್ದ ಭಕ್ತನೊಬ್ಬ, ಇಲ್ಲಿಯ ಜನಕ್ಕೆ ನಾಲ್ಕು ಒಳ್ಳೆಯ ಮಾತು ಹೇಳಲು ಯಾರನ್ನಾದರೂ ಕಳಿಸಿ ಎಂದು ಸ್ವಾಮಿಗಳಿಗೆ ಹೇಳಿಕಳಿಸಿದ. ಮಠದ ಪಂಡಿತರಿಗೆಲ್ಲ ಒಮ್ಮೆಲೇ ಮೊಣಕಾಲು ನೋವು ಶುರುವಾಯಿತು. ಮೊಣಕಾಲು ಗಟ್ಟಿಯಿದ್ದವರು ಕಾಕಾ ಒಬ್ಬರೇ. ಇಪ್ಪತ್ತೆರಡರ ವಯಸ್ಸು, ಒಂದು ಟ್ರಂಕಿನ ತುಂಬ ಕನ್ನಡ ಪುಸ್ತಕ, ಒಂದು ಹಿತ್ತಾಳೆ ಗಂಟೆ, ಹೊರಟೇಬಿಟ್ಟರು. ಇವರು ಹೋಗಿ ಮುಟ್ಟುವಷ್ಟರಲ್ಲಿ ಆ ಭಕ್ತ ಅಂಗಡಿ ಮುಚ್ಚಿ ಇನ್ನಾವುದೋ ದೇಶಕ್ಕೆ ಹೋಗಿಯಾಗಿತ್ತು! ತಿರುಗಿ ಹೋಗುವ ಹಡಗು ಯಾವಾಗ ಎಂದು ಕೇಳಿದರೆ ಜನ ಆಕಾಶ ನೋಡಿದರಂತೆ.

ದಡಕ್ಕೆ ಇಳಿದ ಕೂಡಲೇ ಕಾಕಾ ಅಲ್ಲಿದ್ದವರನ್ನು ಈ ಊರಿನ ಹೆಸರೇನು ಎಂದು ಕೇಳಿದರು. ಅವರು "ತಾಕೋಲೆ" ಎಂದರು. ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಕೇಳಿದರು. ಮತ್ತೆ "ತಾಕೋಲೆ". ಟಿಕೆಟ್ಟಿನ ಮೇಲೆ ಬೇರೇನೋ ಹೆಸರಿತ್ತಂತೆ, ಆದರೆ ಅದು ಸರಕಾರದವರು ಇಟ್ಟ ಹೆಸರು, ಜನರ ಬಾಯಲ್ಲಿರುವುದೇ ನಿಜವಾದದ್ದು ಎಂದು ಕಾಕಾ ತೀರ್ಮಾನಿಸಿ ಅದನ್ನು ಮರೆತುಬಿಟ್ಟರು. ಆ ಜನರ ದೇಶಾಭಿಮಾನದ ಬಗ್ಗೆ ಇಂದಿಗೂ ಅವರಿಗೆ ಅಚ್ಚರಿ. ಇವರು ಏನು ಹೇಳಿದರೂ, ಎಷ್ಟು ದೊಡ್ಡ ತತ್ವ ಬಿಡಿಸಿದರೂ, ಎದುರಿನವರು ಭಕ್ತಿಯಿಂದ ತಮ್ಮ ಊರ ಹೆಸರನ್ನೇ ಹೇಳುತ್ತಿದ್ದರಂತೆ!

ದಿನಚರಿ ಹೀಗಿತ್ತು. ನಸುಕಿನಲ್ಲಿ ಎದ್ದು ಗಂಟೆ ಬಾರಿಸುವುದು, ಜನರನ್ನು ಎಬ್ಬಿಸಿ ಪ್ರಾರ್ಥನೆಗೆ ಕೂರಿಸುವುದು. ಆದರೆ ಆ ಜನ ಇವರಿಗಿಂತ ಮೊದಲೇ ಎದ್ದು ಮೀನಿಗೆ ಹೋಗಿರುತ್ತಿದ್ದರು. ಗಂಟೆಗೆ ಓಗೊಟ್ಟು ಬರುತ್ತಿದ್ದದ್ದು ಒಂದು ಹಂದಿ ಮಾತ್ರ. ಬಂದ ಶಿಷ್ಯನನ್ನು ಬಿಡಬಾರದೆಂದು ಕಾಕಾ ಅದಕ್ಕೇ ಅಹಿಂಸೆಯ ಮೇಲೆ ಉಪನ್ಯಾಸ ಕೊಡುತ್ತಿದ್ದರು. ಅಹಿಂಸೆ ಅದಕ್ಕೆ ಬೇಗ ಹಿಡಿಸಿತು, ಹಂದಿಯ ಹಿತವೂ ಅದರಲ್ಲೇ ಇತ್ತಲ್ಲ! ಸಂಜೆ ಕಾಕಾ ಭಜನೆಗೆ ಕೂತರೆ ಹೆಂಗಸರು ಓಡಿಬರುತ್ತಿದ್ದರು. ಆಹಾ, ಕೇಳಲು ಬಂದರು ಎಂದುಕೊಂಡರೆ ಅವರ ಕೈಯಲ್ಲಿ ಕಷಾಯ. ಪಾಪ ಹುಡುಗನಿಗೆ ಗಂಟಲು ಬೇನೆ ಎಂದು ಅವರ ಸಂಕಟ. ಇನ್ನು ಟ್ರಂಕಿನ ಪುಸ್ತಕಗಳು. ಅವನ್ನು ಪೂರ್ತಿ ಜೀರ್ಣಿಸಿಕೊಂಡದ್ದು ಆ ದ್ವೀಪದ ಗೆದ್ದಲುಗಳು.

ಆದರೆ ಕಾಕಾ ಸೋಲೊಪ್ಪುವವರೇ? ಮೊದಲು ಯೋಗಕ್ಷೇಮ ವಿಚಾರಿಸು, ಆಮೇಲೆ ಉಪದೇಶ ಮಾಡು ಎಂದು ಸ್ವಾಮಿಗಳು ಹೇಳಿ ಕಳಿಸಿದ್ದರು. ಧಾರವಾಡದವರಿಗೆ ಯೋಗಕ್ಷೇಮ ಅಂದರೆ ಒಂದೇ, "ಊಟಾ ಆತೇನ್ರಿ?" ಕಾಕಾ ದಿನಾ ಮನೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದರು. ಭಾಷೆ ತಿಳಿಯದವರಿಗೆ ತಿಳಿಯಲೆಂದು ಕೈಯನ್ನು ಬಾಯಿಗೂ ಒಯ್ದು ತೋರಿಸಿದರು. ಪರಿಣಾಮ? ಹುಡುಗ ಹಸಿದಿದ್ದಾನೆ ಎಂದು ಮನೆಮನೆಯಲ್ಲೂ ಕೂರಿಸಿ ಗೆಣಸು, ಬಾಳೆಹಣ್ಣು, ತೆಂಗಿನಕಾಯಿ ತಿನ್ನಿಸಿದರು. ಪ್ರಚಾರಕ್ಕೆ ಹೊರಟವರು ಪ್ರತಿ ಮನೆಯಲ್ಲೂ ಉಂಡು, ಸಂಜೆ ಉರುಳಿಕೊಂಡು ಗುಡಿಸಲಿಗೆ ಬರುವಂತಾಯಿತು. ಕೊನೆಗೆ ತಾಳಲಾರದೆ ಮಕ್ಕಳನ್ನೆಲ್ಲ ಸೇರಿಸಿ, ನಾನು ಹಾಗೆ ಕೇಳಿದಾಗ ನೀವು "ಆತ್ರಿ, ನಿಮ್ಮದ್ರಿ?" ಎನ್ನಬೇಕು, ತಟ್ಟೆ ತರಬಾರದು ಎಂದು ಹೇಳಿಕೊಟ್ಟರಂತೆ. ಎರಡು ವರ್ಷದಲ್ಲಿ ಕಾಕಾ ಮುಗಿಸಿದ ಪಾಠ ಇದೊಂದೇ.

ದ್ವೀಪ ಬಿಟ್ಟ ಮೇಲೆ ಲಂಡನ್ನಿಗೆ ಬಂದು, ಟ್ಯೂಬ್ ರೈಲಿನ ಸ್ಟೇಷನ್ನೊಂದರ ಗೇಟಿನಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿ ನಿವೃತ್ತರಾದರು. ಪ್ರಚಾರ ಹೋಯಿತು, ಪ್ರಶ್ನೆ ಹೋಗಲಿಲ್ಲ. ಬೆಳಗಿನ ಗದ್ದಲದಲ್ಲಿ ಓಡುವವರನ್ನೂ, ಬಸ್ಸಿನ ಡ್ರೈವರನ್ನೂ, ತಪಾಸಣೆಗೆ ಬಂದ ಕೌನ್ಸಿಲ್ಲಿನವರನ್ನೂ ಅವರು ಇಂಗ್ಲಿಷಿನಲ್ಲಿ ಕೇಳುವುದು ಒಂದೇ, ನಿಮ್ಮ ಊಟ ಆಯಿತೇ? ನಾವಿರುವ ಪಿನ್ನರ್‌ನಲ್ಲಿ ಪಕ್ಕದ ಮನೆಯ ಮೇಡಮ್ಮನನ್ನು ಒಂದು ಭಾನುವಾರ ಬೇಲಿಯಾಚೆಯಿಂದ ಹೀಗೇ ಕೇಳಿದರು. ಹನ್ನೊಂದು ಗಂಟೆಗೆ ಊಟ ಯಾರದಾಗಿರುತ್ತದೆ? ಆಕೆ ಅದನ್ನು ಆಮಂತ್ರಣವೆಂದೇ ತಿಳಿದು, ಒಂದು ಗಂಟೆಗೆ ಸರಿಯಾಗಿ ಗಂಡನನ್ನೂ ವೈನ್ ಬಾಟಲಿಯನ್ನೂ ಕರೆದುಕೊಂಡು ಬಂದರು! ನಮ್ಮಲ್ಲಿ ಇದ್ದದ್ದು ನಿನ್ನೆಯ ಸಾರು. ಕಾಕಾ ಮಾತ್ರ ಚೂರೂ ಅಲುಗಾಡದೆ "ಬಂದಾರಲ್ಲ, ಬಡಸವಾ" ಎಂದರು.

ನನ್ನ ಗಂಡ ಮೈಸೂರಿನವರು, ನಂಬುವ ಜಾಯಮಾನದವರಲ್ಲ. "ಏ ಬಿಡೇ, ಮಲ್ಪೆ ಹತ್ರ ಯಾವ್ದೋ ದ್ವೀಪಕ್ಕೆ ಪಿಕ್‌ನಿಕ್ ಹೋಗಿ ಬಂದಿರ್ತಾರೆ" ಅನ್ನುತ್ತಾರೆ. ಮಗಳು ಫೋನಿನಲ್ಲಿ ತಾಕೋಲೆಯನ್ನು ಹುಡುಕಿ ಹುಡುಕಿ, "ಅಜ್ಜಾ, ದೇರ್ ಈಸ್ ನೋ ಸಚ್ ಪ್ಲೇಸ್" ಎಂದು ತೀರ್ಪು ಕೊಟ್ಟಳು. ಕಾಕಾ ಬೇಸರಿಸಲಿಲ್ಲ. "ಮತ್ತ ಹುಡುಕವಾ, ಇರ್ತದ. ಸಣ್ಣದು ಅದ" ಎಂದರು.

ಬೇಸರವಾದದ್ದು ಯುಗಾದಿಯಲ್ಲಿ. ಕೆಂಟನ್ನಿನ ಶಾಲೆಯ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಹಿರಿಯರ ಅನುಭವ ಕೇಳೋಣವೆಂದು ಯಾರೋ ಕಾಕಾನ ಕೈಗೆ ಮೈಕು ಕೊಟ್ಟರು. ಕಾಕಾ ಅರಳಿದರು. ಗಂಟೆ, ಗೆಣಸು, ಗೆದ್ದಲು, ಎಲ್ಲ ಬಂತು, ಜನ ನಕ್ಕರು. ಆಗ ಹಿಂದಿನ ಸಾಲಿನಿಂದ ಒಬ್ಬರು, ಕೊನೆಗೆ ನಿಮ್ಮ ದಾರಿಗೆ ಬಂದವರು ಎಷ್ಟು ಜನ ಎಂದು ಕೇಳಿದರು. ಕಾಕಾ, ಜನ ಯಾರಿಲ್ಲ, ಒಂದು ಹಂದಿ ಎಂದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ದ್ವೀಪವೇ ಇಲ್ಲ, ಹಂದಿ ಎಲ್ಲಿಂದ ಬಂತು ಎಂದು ಇನ್ನೊಬ್ಬರು ಸೇರಿಸಿದರು. ಕಾಕಾನೂ ನಕ್ಕು ಮೈಕು ಕೆಳಗಿಟ್ಟರು.

ಬಸ್ಸಿನಲ್ಲಿ ಹಿಂತಿರುಗುವಾಗ ಅವರು ಡ್ರೈವರನ ಊಟ ವಿಚಾರಿಸಲಿಲ್ಲ. ಕಿಟಕಿಯ ಕಡೆ ನೋಡುತ್ತ, "ಅಷ್ಟು ದೂರ ಹೋಗಿ ನಾ ಏನ ಮಾಡಿಬಂದೆ ಅಂತ ನನಗೂ ತಿಳಿದಿಲ್ಲವಾ. ಆದರ ಹೋಗಿದ್ದು ಖರೆ. ನೀನರ ನಂಬತಿ, ಹೌದಿಲ್ಲೊ?" ಎಂದರು. ನಂಬದೆ ಏನು ಮಾಡಲಿ ಎಂದು ನಾನು ಹೇಳಿದೆ. ನಿಜ ಹೇಳಬೇಕೆಂದರೆ ಅರ್ಧ ನಂಬಿದ್ದೆ. ಹಂದಿಯನ್ನು ಪೂರ್ತಿ ನಂಬಿದ್ದೆ, ದ್ವೀಪವನ್ನು ಅಷ್ಟಾಗಿ ಇಲ್ಲ.

ಇದಾದ ಮೇಲೆ ಜಿಪಿ, ಅಂದರೆ ಇಲ್ಲಿಯ ಬಡಾವಣೆಯ ಡಾಕ್ಟರು, ಕಾಕಾನಿಗೆ ಸಕ್ಕರೆ ಕಾಯಿಲೆಯ ಗುಮಾನಿಯಿಂದ ರಕ್ತಪರೀಕ್ಷೆ ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದರು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ, ಊಟ ವಿಚಾರಿಸಬಲ್ಲವನ ಬಗ್ಗೆ ಗಾದೆ ಏನೂ ಹೇಳಿಲ್ಲ. ಕಾಕಾ ಹಿಂದಿನ ರಾತ್ರಿಯಿಂದ ನೀರು ಬಿಟ್ಟು ಏನೂ ಮುಟ್ಟದೆ ಹೋದರು. ಅಲ್ಲಿಯ ನರ್ಸು, ಏನಾದರೂ ತಿಂದಿದ್ದೀರಾ ಎಂದು ಕೇಳಿದರು. ಕಾಕಾ ಸಂತೋಷದಿಂದ, ಓಹೋ ಆಯಿತು ಆಯಿತು, ನಿಮ್ಮದಾಯಿತೇ ಎಂದರು! ವಾಪಸ್ ಕಳಿಸಿದರು. ಎರಡನೆಯ ಸಲವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ವಾಪಸ್ಸು. ನಾನು ತಲೆ ಚಚ್ಚಿಕೊಂಡೆ. ಕಾಕಾನ ಸಿದ್ಧಾಂತ ಅಚಲವಾಗಿತ್ತು. "ಇಲ್ಲ ಅನ್ನಬಾರದವಾ. ಕೇಳಿದವರಿಗೆ ಸುಮ್ಮನ ತ್ರಾಸ. ಪಾಪ, ಮತ್ತ ಒಲಿ ಹಚ್ಚಬೇಕಾಗ್ತದ."

ರಕ್ತಪರೀಕ್ಷೆಯ ಕೋಣೆಯಲ್ಲಿ ಯಾರು ಒಲೆ ಹಚ್ಚುತ್ತಾರೆ ಕಾಕಾ!

ಮೂರನೆಯ ಸಲ ನಾನೇ ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನುದ್ದಕ್ಕೂ 'ನೋ' ಎನ್ನುವುದನ್ನು ಅಭ್ಯಾಸ ಮಾಡಿಸಿದೆ. ಕೋಣೆಯಲ್ಲಿ ಈ ಸಲ ಬೇರೆ ಹೆಂಗಸಿದ್ದಳು. ಮೂವತ್ತರ ಆಸುಪಾಸು, ಗುಂಗುರು ಕೂದಲು. ಕಂಪ್ಯೂಟರಿನಲ್ಲಿ ಏನೋ ಒತ್ತುತ್ತ ಕೂತಿದ್ದಳು. ಅವಳು ಕೇಳುವ ಮೊದಲೇ, ನಾನು ತಡೆಯುವ ಮೊದಲೇ, ಕಾಕಾ ಹಸಿವಿನ ಸುಸ್ತಿನಲ್ಲಿ ಇಂಗ್ಲಿಷನ್ನೂ ಮರೆತು "ಊಟಾ ಆತೇನ್ರಿ?" ಎಂದುಬಿಟ್ಟರು.

ಅವಳು ಪರದೆಯಿಂದ ಕಣ್ಣೆತ್ತಲಿಲ್ಲ. ಮಗು ಸೀನಿದರೆ ನಾವು ನೂರು ವರ್ಷ ಎನ್ನುವುದಿಲ್ಲವೇ, ಅಷ್ಟೇ ಸಹಜವಾಗಿ, "ಆತಿರಿ, ನಿಮದಿರಿ" ಎಂದಳು.

ಆಮೇಲೆ ಅವಳ ಬೆರಳು ನಿಂತಿತು. ನಾನೇ ಧೈರ್ಯ ಮಾಡಿ, ನಿಮ್ಮದು ಧಾರವಾಡವೇ ಎಂದು ಕೇಳಿದೆ. ಧಾರವಾಡ ಅಂದರೇನು ಎಂದು ಅವಳು ಕೇಳಿದಳು. ತನ್ನದು ದೂರದ ಒಂದು ದ್ವೀಪ ಎಂದಳು. ಅಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ಮೊದಲರ್ಧ ಹೇಳಬೇಕು, ಒಳಗಿನವರು ಉಳಿದರ್ಧ ಹೇಳಿ ಕರೆಯಬೇಕು. ತನಗೆ ಅಮ್ಮ ಕಲಿಸಿದ್ದು. ಅರ್ಥ ಯಾರಿಗೂ ಗೊತ್ತಿಲ್ಲ, ಬಹಳ ಹಳೆಯ ಮಾತು, ಪೂರ್ವಜರ ಕಾಲದ್ದು ಅನ್ನುತ್ತಾರೆ ಎಂದಳು. ನಮ್ಮ ಕಾಕಾ ಬದುಕಿರುವಾಗಲೇ ಪೂರ್ವಜರಾಗಿಬಿಟ್ಟಿದ್ದರು!

ಕಾಕಾ ಕಷ್ಟಪಟ್ಟು "ತಾಕೋಲೆ?" ಎಂದರು.

ಅವಳು ಕಿಲಕಿಲ ನಕ್ಕಳು. ಅದು ಊರ ಹೆಸರಲ್ಲ, ತಮ್ಮ ಭಾಷೆಯಲ್ಲಿ 'ಏನಂದಿರಿ?' ಎಂದು ಅದರ ಅರ್ಥ ಎಂದಳು. ಫೋನು ತೆಗೆದು, ಭೂಪಟದ ನೀಲಿ ನೀರನ್ನು ಹಿಗ್ಗಿಸುತ್ತ ಹೋಗಿ, ತನ್ನ ದ್ವೀಪವನ್ನು ತೋರಿಸಿದಳು. ಕಾಕಾ ಅದರ ಮೇಲೆ ಬೆರಳಿಟ್ಟರು. ಬೆರಳಿನ ಅಡಿಯಲ್ಲಿ ದ್ವೀಪ ಪೂರ್ತಿ ಮುಚ್ಚಿಹೋಯಿತು. "ಸಣ್ಣದು ಅದ ಅಂತ ಹೇಳಿದ್ದಿಲ್ಲೇನವಾ" ಎಂದು ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ, ಅಷ್ಟು ಅಳು ಬಂತು.

ಗಂಟೆ ಹಿಡಿದು ಹೋಗಿ ಆ ಮಾತನ್ನು ಅಲ್ಲಿ ಕಲಿಸಿದ ಹುಡುಗ ಇವರೇ ಎಂದು ನಾನು ಅವಳಿಗೆ ಹೇಳಿದೆ. ಆ ಮಾತಿನ ಅರ್ಥವನ್ನೂ ಹೇಳಿದೆ. ಅವಳು ಕೆಲಸದ ನೆನಪಾಗಿ ಕುರ್ಚಿಯನ್ನು ಅವರ ಕಡೆ ಎಳೆದುಕೊಂಡು, ಈ ಸಲ ಅರ್ಥ ತಿಳಿದು, ಬಿಡಿಸಿ ಬಿಡಿಸಿ ಕೇಳಿದಳು. "ಊಟಾ ಆತೇನ್ರಿ?"

ಹೋಯಿತು, ಮೂರನೆಯದೂ ಹೋಯಿತು ಎಂದುಕೊಂಡೆ.

"ಇಲ್ಲವಾ," ಎಂದರು ಕಾಕಾ. "ಇನ್ನೂ ಆಗಿಲ್ಲ."

ಅವಳು ರಕ್ತ ತೆಗೆದು ಹತ್ತಿ ಒತ್ತಿದಳು. ಆಮೇಲೆ ತನ್ನ ಕೈಚೀಲದಿಂದ ಊಟದ ಡಬ್ಬಿ ತೆಗೆದಳು. ಒಳಗೆ ಬೇಯಿಸಿದ ಗೆಣಸಿತ್ತು. ಅದನ್ನು ಕಾಕಾನ ಕೈಯಲ್ಲಿಟ್ಟಳು. ರಾತ್ರಿಯಿಂದ ಹಸಿದಿದ್ದ ಕಾಕಾ ತಿನ್ನಲಿಲ್ಲ. ಗೆಣಸನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಅವಳ ಮುಂದೆ ಹಿಡಿದು, "ನಿಮ್ಮದು?" ಎಂದು ಕೇಳಿದರು.

ಹೊರಗೆ ಖಾಲಿ ಹೊಟ್ಟೆಯಲ್ಲಿ ಸರದಿ ಕಾಯುತ್ತಿದ್ದವರು ಇನ್ನೂ ಸ್ವಲ್ಪ ಹೊತ್ತು ಕಾಯಬೇಕಾಯಿತು.